ಒಂದು ಕಾರು, ಎರಡು ಕರಾರು

೧

ಎಲ್ಲಿಂದ ಶುರು ಮಾಡಲಿ ಎಂಬುದೇ ಮೊದಲ ತಕರಾರು. ರೇಸಿನ ಕಥೆ ಎಂದ ಮೇಲೆ ಕಾರು ಓಡಬೇಕು, ಧೂಳೇಳಬೇಕು, ಮೊದಲ ವಾಕ್ಯಕ್ಕೇ ಓದುವವರ ಕಿವಿ ಗುಂಯ್‌ಗುಡಬೇಕು ಎಂದು ನನಗೂ ಆಸೆಯಿತ್ತು. ಹಾಗೇ ಬರೆದೆ ಕೂಡ. ಕೊನೆಯ ತಿರುವಿನಲ್ಲಿ ಕೆಂಪು ಕಾರೊಂದು ಬಿಳಿ ಕಾರನ್ನು ಹಿಂದೆ ಹಾಕಿ, ಜನ ಎದ್ದು ನಿಂತು... ಅಷ್ಟರಲ್ಲಿ ಅಕ್ಕ ಬಂದು ಹಾಳೆ ನೋಡಿದಳು. ನಮ್ಮ ಕಾರು ಕೆಂಪಲ್ಲ, ಹಳದಿ ಎಂದಳು. ಅದೂ ಪೂರ್ತಿ ಒಂದೇ ಹಳದಿಯಲ್ಲವಂತೆ. ಎಡಗಡೆಗೆ ಬಣ್ಣ ಸಾಲದೆ ಬೇರೆ ಡಬ್ಬಿಯದು ಬಳಿದಿದ್ದಾರಂತೆ. ಜನ ಎದ್ದು ನಿಲ್ಲುವುದೂ ಸುಳ್ಳು. ಬರುವವರೇ ಕಡಿಮೆ, ಬಂದವರು ನೆರಳು ಹುಡುಕಿಕೊಂಡು ಕೂತಿರುತ್ತಾರೆ.

"ಮತ್ತೆ ಎಲ್ಲಿಂದ ಶುರು ಮಾಡ್ಲಿ?" ಎಂದೆ.

"ಶೆಡ್ಡಿಂದ ಮಾಡಿ. ನಾವಿರೋದು ಅಲ್ಲೇ ತಾನೆ."

(ಅಕ್ಕ ನನ್ನ ಅಕ್ಕನಲ್ಲ, ಈ ಟೀಮಿನ ಒಡತಿ. ಅವಳ ತಮ್ಮ ಕರೆಯುವುದನ್ನು ಕೇಳಿ ಕೇಳಿ ಎಲ್ಲರಿಗೂ ಅದೇ ರೂಢಿಯಾಗಿದೆ. ಅವಳಿಗಿಂತ ಎಷ್ಟೋ ದೊಡ್ಡವನಾದ ಟೈರಿನ ಅಂಗಡಿಯವನೂ ಅಕ್ಕ ಎನ್ನುತ್ತಾನೆ. ನಾನೂ ಹಾಗೆಂದರೆ ತಪ್ಪೇನಿಲ್ಲ.)

೨

ಸರಿ, ಶೆಡ್ಡು. ಗಾಜು ಕತ್ತರಿಸುವ ಅಂಗಡಿಗೂ ಯಾರೋ ಬೀಗ ಹಾಕಿ ಮರೆತ ಗೋದಾಮಿಗೂ ನಡುವೆ, ಲಾರಿ ತಿರುಗಿಸಲು ಜಾಗವಿಲ್ಲದ ಓಣಿಯ ಕೊನೆಯಲ್ಲಿದೆ. ಒಳಗೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಚಕ್ರ ಕಳಚಿದ ಕಾರು. ಒಬ್ಬರೇ ಕೂರುವಂಥದ್ದು, ಮೇಲೆ ಮುಚ್ಚಿಗೆಯಿಲ್ಲ, ಮೂತಿ ಉದ್ದ. ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುಬಿದ್ದಿವೆ. ಹದಿಮೂರರ ಮೊಳೆ ಮಾತ್ರ ಖಾಲಿ, ಏಕೆಂದರೆ ಆ ಸ್ಪ್ಯಾನರು ಯಾವಾಗಲೂ ಯಾರದ್ದಾದರೂ ಜೇಬಿನಲ್ಲಿರುತ್ತದೆ. ಮೂಲೆಯಲ್ಲಿ ಪ್ಲೈವುಡ್ ಅಡ್ಡ ನಿಲ್ಲಿಸಿ ಮಾಡಿದ ಆಫೀಸು. ಅದರಲ್ಲೊಂದು ಕೆಟ್ಟುಹೋದ ಫ್ರಿಜ್. ಅಕ್ಕ ಬಿಲ್ಲುಗಳನ್ನು ಅದರಲ್ಲಿ ಇಡುತ್ತಾಳೆ. ಕಟ್ಟಿದ ಬಿಲ್ಲು ಕೆಳಗಿನ ತಟ್ಟೆಯಲ್ಲಿ, ಕಟ್ಟಬೇಕಾದದ್ದು ಮೇಲೆ, ಕಟ್ಟುವ ಮಾತೇ ಇಲ್ಲದ್ದು ಫ್ರೀಜರಿನಲ್ಲಿ.

(ಫ್ರಿಜ್ಜನ್ನು ನಾನು ಕಟ್ಟಿ ಬರೆದದ್ದಲ್ಲ. ನನ್ನ ಕಲ್ಪನೆಗೆ ಅಷ್ಟು ತಾಕತ್ತಿದ್ದರೆ ನಾನು ಈ ಕಥೆಯನ್ನು ಎಂದೋ ಮುಗಿಸಿರುತ್ತಿದ್ದೆ.)

ಶೆಡ್ಡಿನಲ್ಲಿ ಇರುವವರು ಮೂರೇ ಜನ. ಚಕ್ರ ಉರುಳದ ಕೆಲಸವೆಲ್ಲ ಅಕ್ಕನದು: ರೇಸಿಗೆ ಹೆಸರು ಕೊಡುವುದು, ಟೈರಿನವನ ಹತ್ತಿರ ಕಡ ಹೇಳುವುದು, ವಿಮೆಯವರ ಜೊತೆ ಜಗಳ ಕಾಯುವುದು. ಇಂಜಿನ್ನು ಅವಳ ಗಂಡನದು. ತಮ್ಮ ಅವನನ್ನು ಭಾವ ಎನ್ನುತ್ತಾನೆ, ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ. ಭಾವ ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು ಇಂಜಿನ್ನಿಗೆ ಹೇಳಿದ್ದಾಗಿರುತ್ತವೆ. ಮೂರನೆಯವನೇ ತಮ್ಮ, ಡ್ರೈವರ್. ಮದುವೆಯಾದ ಹೊಸತರಲ್ಲಿ ಭಾವ ಗುಜರಿಯಿಂದ ಒಂದು ಕಾರು ತಂದು ಜೋಡಿಸಿದ. ತಮ್ಮ ಕಾಲೇಜಿಗೆ ಚಕ್ಕರ್ ಹೊಡೆದು ಅದನ್ನು ಓಡಿಸಿದ. ಮೊದಲ ವರ್ಷವೇ ಗೆದ್ದುಬಿಟ್ಟರು. ಗೆಲ್ಲದೆ ಇದ್ದಿದ್ದರೆ ಮೂವರೂ ಬೇರೆ ಏನಾದರೂ ಕೆಲಸ ನೋಡಿಕೊಂಡು ಸುಖವಾಗಿರುತ್ತಿದ್ದರು. ಕಾರು ಆಮೇಲೆ ಎರಡು ಸಲ ಬದಲಾಯಿತು, ಡ್ರೈವರ್ ಬದಲಾಗಲಿಲ್ಲ. ಈಗ ಅವನಿಗೆ ನಲವತ್ತು ಬಂತು, ಹೆಂಡತಿ ಮಗಳು ಇದ್ದಾರೆ, ವಾರದ ದಿನಗಳಲ್ಲಿ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ರೇಸಿನಿಂದ ಅವನಿಗೆ ಸಂಬಳ ಬಂದದ್ದು ಯಾರಿಗೂ ನೆನಪಿಲ್ಲ, ಅವನಿಗೂ ಇಲ್ಲ.

ಮೂವರನ್ನೂ ನಾನು ತುಂಬಾ ಹಚ್ಚಿಕೊಂಡಿದ್ದೇನೆ. ಕಥೆಗಾರನಿಗೆ ಇದು ಒಳ್ಳೆಯದಲ್ಲ, ಮುಂದೆ ನೋಡುತ್ತೀರಿ.

೩

ದೊಡ್ಡ ಟೀಮುಗಳಲ್ಲಿ ಡ್ರೈವರಿನ ಕರಾರು ಎಂದರೆ ವಕೀಲರು ಕೂತು ಬರೆಯುವ ದಪ್ಪ ಪುಸ್ತಕ. ಈ ಶೆಡ್ಡಿನಲ್ಲಿ ಕರಾರು ಎಂದರೆ ಸೀಟು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಜಾತಿಯ ಕಾರಿನಲ್ಲಿ ಸೀಟು ಅಂಗಡಿಯಲ್ಲಿ ಸಿಗುವುದಿಲ್ಲ, ಓಡಿಸುವವನ ಮೈಗೆ ಎರಕ ಹೊಯ್ಯಬೇಕು. ಡ್ರೈವರ್ ಒಳಗೆ ಕೂರುತ್ತಾನೆ. ಅವನ ಬೆನ್ನಿಗೂ ಕಾರಿನ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಚೀಲ. ಭಾವ ಬಕೆಟ್ಟಿನಲ್ಲಿ ಎರಡು ದ್ರಾವಣ ಬೆರೆಸಿ ಸರಸರ ಕಲಕಿ ಚೀಲಕ್ಕೆ ಸುರಿಯುತ್ತಾನೆ. ಅದು ನೊರೆಯಾಗಿ ಉಬ್ಬಿ, ಬಿಸಿಯಾಗಿ, ಬೆನ್ನು ಸೊಂಟ ಪಕ್ಕೆಗಳ ಏರಿಳಿತಕ್ಕೆಲ್ಲ ತುಂಬಿಕೊಂಡು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಡ್ರೈವರ್ ಅಲುಗಾಡುವಂತಿಲ್ಲ. ಸೀನಿದರೆ ಆ ಸೀನು ವರ್ಷವಿಡೀ ಸೀಟಿನಲ್ಲಿ ಉಳಿಯುತ್ತದೆ. ಪ್ರತಿ ಸೀಸನ್ನಿಗೆ ಮೊದಲು ಹೊಸ ಸೀಟು ಹೊಯ್ಯುತ್ತಾರೆ, ಏಕೆಂದರೆ ತಮ್ಮನ ಬೆನ್ನು ಅದೇ ಇದ್ದರೂ ಸೊಂಟ ಅದೇ ಇಲ್ಲ. (ಈ ವಾಕ್ಯ ತೆಗೀರಿ ಎಂದು ತಮ್ಮ ಹೇಳಿದ. ತೆಗೆಯುವುದಿಲ್ಲ.)

ನೊರೆ ಆರಿದ ಮೇಲೆ ಭಾವ ಕೇಳುತ್ತಾನೆ: "ಕೂತ್ಯಾ?"

ತಮ್ಮ ಹೇಳುತ್ತಾನೆ: "ಕೂತೆ ಭಾವ."

ಕರಾರು ಮುಗಿಯಿತು. ಯಾರ ಸೀಟು ಹೊಯ್ದಿದೆಯೋ ಆ ವರ್ಷ ಕಾರು ಅವನದು. ಸಹಿ ಇಲ್ಲ. ಸಾಕ್ಷಿಗೆ ಅಕ್ಕ ಇರುತ್ತಿದ್ದಳು, ಈ ವರ್ಷ ಇರಲಿಲ್ಲ. ಆ ಹೊತ್ತಿನಲ್ಲಿ ಅವಳು ಬೇರೆ ಕಡೆ ಇನ್ನೊಂದು ಕರಾರಿಗೆ ಸಹಿ ಹಾಕುತ್ತಿದ್ದಳು.

೪

ದುಡ್ಡಿನ ವಿಷಯ ಬರೆಯಲು ನನಗೆ ಬೇಜಾರು, ಓದಲು ನಿಮಗೂ ಬೇಜಾರು, ಬೇಗ ಮುಗಿಸೋಣ. ಶೆಡ್ಡಿನ ಬಾಡಿಗೆ ಕೊಟ್ಟು ಬಹಳ ತಿಂಗಳಾಗಿತ್ತು. ಟೈರಿನವನು ಅಕ್ಕಾ ಅಕ್ಕಾ ಎನ್ನುತ್ತಲೇ ಇನ್ನು ಕಡ ಇಲ್ಲ ಎಂದ. ಕೆಲಸಕ್ಕಿದ್ದ ಇಬ್ಬರು ಮೆಕ್ಯಾನಿಕ್ಕುಗಳು ಬೇರೆ ಟೀಮಿಗೆ ಹೋದರು. ಅತ್ತುಕೊಂಡೇ ಹೋದರು, ಹದಿಮೂರರ ಸ್ಪ್ಯಾನರನ್ನು ಜೇಬಿನಲ್ಲಿಟ್ಟುಕೊಂಡೇ ಹೋದರು. ಕೊನೆಗೆ ಈ ಸೀಸನ್ನಿಗೆ ಹೆಸರು ಕೊಡಲು ಕಟ್ಟಬೇಕಾದ ಹಣವೇ ಇರಲಿಲ್ಲ. ಅದನ್ನು ಕಟ್ಟದಿದ್ದರೆ ಟೀಮು ಇಲ್ಲ. ಇಷ್ಟು ತಿಳಿದರೆ ಸಾಕು.

ಇಲ್ಲಿ ಡಾಕ್ಟರು ಬರುತ್ತಾರೆ. ಹಲ್ಲಿನ ಡಾಕ್ಟರು. (ಮೊದಲ ಡ್ರಾಫ್ಟಿನಲ್ಲಿ ಇವರ ಜಾಗದಲ್ಲಿ ಒಬ್ಬ ಶ್ರೀಮಂತರ ಮಗ ಇದ್ದ. ಕಪ್ಪು ಕನ್ನಡಕ, ಮೈತುಂಬಾ ಕೊಬ್ಬು. ಅವನನ್ನು ಬೈಯುವುದು ಬಹಳ ಸುಲಭವಾಯಿತು, ಅದಕ್ಕೇ ತೆಗೆದುಹಾಕಿದೆ.) ಡಾಕ್ಟರು ಸಣ್ಣ ದನಿಯ, ದೊಡ್ಡ ಕೈಗಳ ಮನುಷ್ಯ. ವರ್ಷಗಳಿಂದ ಪ್ರತಿ ರೇಸಿಗೂ ಮಡಚುವ ಕುರ್ಚಿ ತಂದು ಕೂತು ಹಳದಿ ಕಾರಿಗೆ ಚಪ್ಪಾಳೆ ತಟ್ಟಿದ್ದಾರೆ. ತಮ್ಮ ಸೋತು ಬಂದಾಗ, ಪರವಾಗಿಲ್ಲ ಬಿಡಿ, ಮುಂದಿನ ಸಲ ಎಂದು ನೀರಿನ ಬಾಟಲಿ ಕೊಟ್ಟಿದ್ದಾರೆ. ಒಂದು ದಿನ ಅಕ್ಕನ ಹತ್ತಿರ ಬಂದು, ಮಕ್ಕಳಿಬ್ಬರೂ ದುಡಿಯುವ ಹಾಗಾದರು, ಇನ್ನು ನನ್ನ ಆಸೆಗೆ ಏನಾದರೂ ಮಾಡಿಕೊಳ್ಳಬೇಕು ಎಂದಿದ್ದೇನೆ, ಒಂದೇ ಒಂದು ಸೀಸನ್ ಆ ಕಾರು ಓಡಿಸಬಹುದೇ ಎಂದು ಕೇಳಿದರು. ಪೂರ್ತಿ ವರ್ಷದ ಖರ್ಚು ತಾವೇ ಕೊಡುವುದಾಗಿ ಹೇಳಿದರು. ಕೇಳುವಾಗ ಕಿವಿಯೆಲ್ಲ ಕೆಂಪಾಗಿತ್ತಂತೆ.

ಅಕ್ಕ ಸಹಿ ಹಾಕಲು ಕ್ಲಿನಿಕ್ಕಿಗೆ ಹೋದಳು. ಅರ್ಧ ಸೀಸನ್ ನಿಮಗೆ, ಅರ್ಧ ನನ್ನ ತಮ್ಮನಿಗೆ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಆದರೆ ಅವಳು ಒಂದು ಕಡೆಯಿಂದಲೇ ಬಿಸ್ಕತ್ತು ಅಗಿಯುವುದನ್ನು ಡಾಕ್ಟರು ಗಮನಿಸಿದರು. ಎಷ್ಟು ದಿನದಿಂದ ನೋವು ಎಂದು ಕೇಳಿ, ಅವಳು ಬೇಡ ಬೇಡ ಎನ್ನುತ್ತಿದ್ದಂತೆ ಕುರ್ಚಿಗೆ ಒರಗಿಸಿ, ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು ಹಲ್ಲು ತುಂಬಿದರು. ದುಡ್ಡು ಮುಟ್ಟಲಿಲ್ಲ. ಆಮೇಲೆ ಕರಾರು ಮುಂದಿಟ್ಟರು. ಅದರಲ್ಲಿ ಇದ್ದದ್ದು ಒಂದೇ ಡ್ರೈವರ್, ಪೂರ್ತಿ ಸೀಸನ್. ಮರಗಟ್ಟಿದ ಬಾಯಲ್ಲಿ ಅಕ್ಕನಿಗೆ ಒಂದು ಮಾತೂ ಹೊರಡಲಿಲ್ಲ. ಸಹಿ ಹಾಕಿದಳು.

ಇದನ್ನು ಬರೆದ ಮೇಲೆ ನನಗೊಂದು ಅನುಮಾನ ಬಂತು, ಕೇಳಿಯೇಬಿಟ್ಟೆ. "ಇಂಜೆಕ್ಷನ್ ಇಳಿದ ಮೇಲೆ ಹೇಳಬಹುದಿತ್ತಲ್ಲ ಅಕ್ಕಾ?"

ಅಕ್ಕ ಫ್ರಿಜ್ಜಿನ ಬಾಗಿಲು ತೆಗೆದು ಏನೋ ಹುಡುಕುವವಳಂತೆ ನಿಂತಳು. ನಾನು ಗುರುತು ಹಾಕಿಕೊಂಡು ಮುಂದೆ ಹೋದೆ.

ಮತ್ತೆ ೪

ಅದೇ ಮಧ್ಯಾಹ್ನ. ಅಕ್ಕ ಒಂದು ಕೆನ್ನೆ ಜೋತುಬಿದ್ದ ಹಾಗೆ ಶೆಡ್ಡಿಗೆ ಬಂದಾಗ ತಮ್ಮ ಕಾರಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದ. ಬೆನ್ನ ಹಿಂದೆ ನೊರೆ ಉಬ್ಬುತ್ತಿತ್ತು. ಭಾವನಿಗೆ ಅಕ್ಕ ಎಲ್ಲಿ ಹೋಗಿದ್ದಾಳೆಂದು ಗೊತ್ತಿತ್ತು, ಏನು ಸಹಿ ಹಾಕುತ್ತಾಳೆಂದೂ ಗೊತ್ತಿತ್ತು. ಆದರೆ ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದು, ಹಳೇ ಬನಿಯನ್ ತೊಟ್ಟು, ಸೀಟು ಹೊಯ್ಯೋಣ ಬನ್ನಿ ಭಾವ ಎಂದಾಗ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅದಕ್ಕೆ ಇಂಜೆಕ್ಷನ್ನೂ ಬೇಕಾಗಿರಲಿಲ್ಲ.

ತಮ್ಮ ಕತ್ತು ತಿರುಗಿಸದೆ, ಕಣ್ಣು ಮಾತ್ರ ತಿರುಗಿಸಿ ಅಕ್ಕನನ್ನು ನೋಡಿದ. "ಅಕ್ಕಾ, ಈ ಸಲ ನೋಡು. ಇಂಜಿನ್ ಒಂದು ಸರಿ ಹೋದ್ರೆ ಗೆದ್ದೇ ಗೆಲ್ತೀವಿ."

ಅಕ್ಕ ಏನೋ ಹೇಳಲು ಹೋದಳು. ಬಾಯಿಂದ ಗೊಳಗೊಳ ಶಬ್ದ ಬಂತು. ತಮ್ಮನಿಗೆ ನಗು ತಡೆಯಲಾಗಲಿಲ್ಲ, ಪಕ್ಕೆ ಅಲುಗಿತು, ಸೀಟಿನ ಎಡಭಾಗ ಸೊಟ್ಟಗಾಯಿತು. ಮೂವರೂ ನಕ್ಕರು. ಹಾಗೆ ಒಂದು ಕಾರಿಗೆ ಒಂದೇ ಮಧ್ಯಾಹ್ನದಲ್ಲಿ ಎರಡು ಕರಾರು ಆದವು, ಒಂದು ಕಾಗದದ್ದು, ಒಂದು ನೊರೆಯದ್ದು.

೬

ಐದನೆಯದನ್ನು ಬಿಟ್ಟಿದ್ದೇನೆ. ಅದರಲ್ಲಿ ಅಕ್ಕ ತಮ್ಮನಿಗೆ ವಿಷಯ ಹೇಳಬೇಕಿತ್ತು. ಎಷ್ಟು ಸಲ ಬರೆದರೂ ಅವಳು ಕೈಕೊಟ್ಟಳು.

ಮೊದಲ ಸಲ ಇಬ್ಬರನ್ನೂ ಆಫೀಸಿನಲ್ಲಿ ಎದುರುಬದುರು ಕೂರಿಸಿದೆ. ಅಕ್ಕ, ನಿನ್ನ ಹತ್ತಿರ ಒಂದು ವಿಷಯ ಮಾತಾಡಬೇಕು ಎಂದಳು. ತಮ್ಮ ಹೇಳು ಎಂದ. ಅಕ್ಕ, ಮಗಳ ಸ್ಕೂಲ್ ಫೀಸು ಕಟ್ಟಿದೆಯಾ ಎಂದು ಕೇಳಿದಳು. ಇನ್ನೊಂದು ಡ್ರಾಫ್ಟಿನಲ್ಲಿ ಫೋನು ಮಾಡಿಸಿದೆ. ತಮ್ಮನ ಹೆಂಡತಿ ಎತ್ತಿದಳು. ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಸಾಕೆನಿಸುವಷ್ಟು ಮಾತಾಡಿ ಇಟ್ಟರು. ನನಗೆ ರೇಗಿ, ಕೊನೆಗೆ ಅವಳ ಬಾಯಲ್ಲಿ ನಾನೇ ಮಾತು ತುರುಕಿದೆ: "ತಮ್ಮಾ, ಈ ವರ್ಷ ನಿನಗೆ ಕಾರು ಇಲ್ಲ." ಅಕ್ಕ ಅದನ್ನು ಓದಿ, ನಾನು ಮಾತಾಡುವ ರೀತಿಯೇ ಅಲ್ಲ ಇದು ಎಂದು ಗೀಟು ಹೊಡೆದಳು.

"ಮತ್ತೆ ನೀವು ಹೇಗೆ ಹೇಳ್ತೀರಿ, ಹಾಗೇ ಬರೀತೀನಿ" ಎಂದೆ.

"ನಂಗೆ ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?"

ನ್ಯಾಯವೇ.

೭

ಹೇಳುವ ದೃಶ್ಯ ಆಗದಿದ್ದರೆ ಬೇಡ, ನೇರವಾಗಿ ಕ್ಲೈಮ್ಯಾಕ್ಸಿಗೆ ಹೋಗೋಣ ಎಂದು ನಿರ್ಧರಿಸಿ ಕೆಲವು ಮುಕ್ತಾಯಗಳನ್ನು ತಯಾರು ಮಾಡಿ ಶೆಡ್ಡಿಗೆ ಒಯ್ದೆ. ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು.

ಮುಕ್ತಾಯ ಒಂದರಲ್ಲಿ ಡಾಕ್ಟರು ತಮ್ಮನ ಕೈಚಳಕ ನೋಡಿ ಕಣ್ಣು ಒದ್ದೆ ಮಾಡಿಕೊಂಡು, ದುಡ್ಡೂ ಕೊಟ್ಟು ಜಾಗವನ್ನೂ ಬಿಟ್ಟುಕೊಡುತ್ತಾರೆ. ಇದನ್ನು ಡಾಕ್ಟರಿಗೆ ಕ್ಲಿನಿಕ್ಕಿನಲ್ಲೇ ಓದಿ ಹೇಳಿದೆ. ಅವರು ಕೈಗವಸು ಕಳಚಿ, ಬಹಳ ಮೆಲ್ಲಗೆ, "ನನಗೂ ಆಸೆ ಇದೆಯಲ್ಲ ಸ್ವಾಮಿ, ಅದನ್ನು ನೀವು ಲೆಕ್ಕಕ್ಕೇ ತಗೊಂಡಿಲ್ಲ" ಎಂದರು. ನನಗೆ ನಾಚಿಕೆಯಾಯಿತು.

ಮುಕ್ತಾಯ ಎರಡರಲ್ಲಿ ವಿಷಯ ಹೇಗೋ ತಿಳಿದ ತಮ್ಮ, ಅಕ್ಕನ ಕಷ್ಟ ನೆನೆದು ತಾನೇ ಹೆಲ್ಮೆಟ್ ತಂದು ಡಾಕ್ಟರ ಕೈಗಿಡುತ್ತಾನೆ. ಇದನ್ನು ತಮ್ಮನಿಗೆ ಓದಿ ಹೇಳುವಂತಿರಲಿಲ್ಲ, ಅವನಿಗೆ ಇನ್ನೂ ಗೊತ್ತಿಲ್ಲವಲ್ಲ. ಬೇರೆ ಯಾವುದೋ ಕಥೆಯದು ಎಂದು ಸುಳ್ಳು ಹೇಳಿ ಓದಿದೆ. ಅವನು ಪೂರ್ತಿ ಕೇಳಿ, "ಕಥೆಗಾರ್ರೇ, ಇಷ್ಟು ಒಳ್ಳೇವನು ಯಾವ ಡ್ರೈವರೂ ಇರಲ್ಲ. ಇದ್ರೆ ಅವನು ಬಸ್ ಓಡಿಸ್ತಿರ್ತಾನೆ" ಎಂದ.

ಮುಕ್ತಾಯ ಮೂರರಲ್ಲಿ ಎಲ್ಲಿಂದಲೋ ಇನ್ನೊಂದು ಕಾರು ಬರುತ್ತದೆ. ಅಕ್ಕ ಅದನ್ನು ಓದಿ ಹಾಳೆಯನ್ನು ಮಡಚಿ ಫ್ರೀಜರಿನಲ್ಲಿ ಇಟ್ಟಳು.

೮

ಈ ಭಾಗ ನನ್ನ ಪ್ಲಾನಿನಲ್ಲಿ ಇರಲಿಲ್ಲ. ಸುಮ್ಮನೆ ಸಮಯ ಕಳೆಯಲು ಶೆಡ್ಡಿಗೆ ಹೋಗಿದ್ದೆ. ಭಾವ ಇಂಜಿನ್ನನ್ನು ಕೆಳಗಿಳಿಸಿ ಬಿಚ್ಚುತ್ತಿದ್ದ. ನನ್ನ ಕೈಗೆ ಟಾರ್ಚ್ ಕೊಟ್ಟು ಎಲ್ಲಿಗೆ ಬೆಳಕು ಹಿಡಿಯಬೇಕೆಂದು ಗದ್ದದಿಂದ ತೋರಿಸಿದ. ಇಂಜಿನ್ನಿಗೆ ಏನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ."

"ಮತ್ತೆ ಯಾಕೆ ಬಿಚ್ತಿದ್ದೀರಿ?"

"ಎಳೀತಿಲ್ಲ ಅಂದ, ಅವನು."

ಅಷ್ಟು ಹೇಳಿ ಇನ್ನೊಂದು ಬೋಲ್ಟಿಗೆ ಕೈ ಹಾಕಿದ. ನಾನು ಟಾರ್ಚ್ ಆರಿಸಿದೆ. ಬೆಳಕು ಬೇಕಾದರೆ ಮಾತಾಡಲಿ ಎಂದು. ಕಥೆಗಾರರು ಹೀಗೆ ಸಣ್ಣ ಬುದ್ಧಿ ತೋರಿಸುವುದುಂಟು.

ಕತ್ತಲಲ್ಲೇ ಭಾವ ಹೇಳಿದ ಸಂಗತಿ ಇದು. ಎರಡು ವರ್ಷದಿಂದ ಪ್ರತಿ ರೇಸು ಮುಗಿದ ಮೇಲೂ ತಮ್ಮ, ಇಂಜಿನ್ ಎಳೆಯುತ್ತಿಲ್ಲ ಭಾವ ಎನ್ನುತ್ತಿದ್ದ. ಭಾವ ಮೊದಲ ಸಲ ಬಿಚ್ಚಿ ನೋಡಿದ, ಏನೂ ಕಾಣಲಿಲ್ಲ. ಪರಿಚಯದವರ ವರ್ಕ್‌ಶಾಪಿಗೆ ಒಯ್ದು ಶಕ್ತಿ ಅಳೆಯುವ ಮೆಷೀನಿಗೆ ಹಾಕಿಸಿದ. ಹೊಸದರಲ್ಲಿ ಹೇಗಿತ್ತೋ ಹಾಗೇ ಇತ್ತು. ಆಮೇಲೆ ತಿರುವಿನ ಹತ್ತಿರ ಹೋಗಿ ನಿಂತು ನೋಡಿದ. ಬೇರೆಯವರು ಬ್ರೇಕ್ ಒತ್ತುವ ಜಾಗಕ್ಕಿಂತ ಎಷ್ಟೋ ಮೊದಲೇ ತಮ್ಮ ಒತ್ತುತ್ತಿದ್ದ. ಒಂದು ತಿರುವಿನಲ್ಲಲ್ಲ, ಎಲ್ಲ ತಿರುವಿನಲ್ಲೂ. ತಾನು ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ವಾರವೆಲ್ಲ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕ ಕೂತು, ಮೇಷ್ಟ್ರ ಕಾಲಡಿಯ ಬ್ರೇಕನ್ನು ಅವರಿಗಿಂತ ಮೊದಲು ಒತ್ತುವುದೇ ಅವನ ಉದ್ಯೋಗ. ಕಾಲು ಆ ಪಾಠವನ್ನೇ ಕಲಿತುಬಿಟ್ಟಿತ್ತು.

ಭಾವ ಮನೆಗೆ ಬಂದು ಅಕ್ಕನಿಗೆ ಹೇಳಿದ. ಅಕ್ಕ, "ಅವನಿಗೆ ಹೇಳ್ಬೇಡಿ ರೀ" ಎಂದಳು.

ಅಂದಿನಿಂದ ಶುರುವಾಯಿತು ಚಿಕಿತ್ಸೆ. ತಮ್ಮ ಎಳೆಯುತ್ತಿಲ್ಲ ಎಂದಾಗಲೆಲ್ಲ ಭಾವ, ಹೌದು, ಏನೋ ಇದೆ ಎನ್ನುವುದು. ಚೆನ್ನಾಗಿರುವ ಪಿಸ್ಟನ್ ತೆಗೆದು ಹೊಸ ಪಿಸ್ಟನ್ ಹಾಕುವುದು. ತಮ್ಮ ನೋಡಲಿ ಎಂದು ಹಳೆಯದನ್ನು ಬೆಂಚಿನ ಮೇಲೆ ಇಡುವುದು. ಪಿಸ್ಟನ್ ಆಯಿತು, ಗೇರುಬಾಕ್ಸಾಯಿತು, ಹೋದ ವರ್ಷ ಪೂರ್ತಿ ಇಂಜಿನ್ನೇ ಹೊಸದಾಯಿತು. ರೋಗವಿಲ್ಲದ ಇಂಜಿನ್ನಿಗೆ ಮದ್ದು ಹಾಕಿ ಹಾಕಿ ಟೀಮಿನ ದುಡ್ಡೆಲ್ಲ ಕರಗಿತು. ಅಕ್ಕ ಒಂದು ಬಿಲ್ಲಿಗೂ ಚಕಾರ ಎತ್ತಲಿಲ್ಲ.

ನಾನು ಟಾರ್ಚ್ ಹಾಕಿದೆ. ಭಾವನ ಕೆನ್ನೆಗೆ ಗ್ರೀಸು ಮೆತ್ತಿತ್ತು. "ನೀವು ಬರಿಯೋದಾದ್ರೆ ಬರೀರಿ. ಅವನು ಓದಲ್ಲ" ಎಂದ.

(ಮೇಲೆ ನಾಲ್ಕನೇ ಭಾಗದಲ್ಲಿ ದುಡ್ಡಿನ ವಿಷಯ ಬೇಗ ಮುಗಿಸೋಣ ಎಂದು ಬರೆದವನು ಯಾರು? ನಾನೇ. ಇಷ್ಟು ತಿಳಿದರೆ ಸಾಕು ಎಂದವನೂ ನಾನೇ. ದಯವಿಟ್ಟು ಕ್ಷಮಿಸಿ. ಅಕ್ಕ ಫ್ರಿಜ್ಜಿನ ಮುಂದೆ ಬೆನ್ನು ತಿರುಗಿಸಿ ಯಾಕೆ ನಿಂತಳೆಂದು ನನಗೆ ಈಗ ಅರ್ಥವಾಯಿತು. ಡಾಕ್ಟರ ಕರಾರು ಬಂದಾಗ ಅವಳಿಗೆ ಒಂದು ನೆಪ ಸಿಕ್ಕಿತ್ತು. ದುಡ್ಡಿಗೋಸ್ಕರ ನಿನ್ನನ್ನು ಇಳಿಸಿದೆ ಎಂದರೆ ತಮ್ಮ ಕೋಪ ಮಾಡಿಕೊಂಡಾನು, ಆದರೆ ತಾನು ನಿಧಾನವಾಗಿದ್ದೇನೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ಆ ನೆಪವನ್ನು ಹೇಳಲೂ ಅವಳಿಗೆ ಬಾಯಿ ಬಂದಿಲ್ಲ ಎನ್ನುವುದು ಬೇರೆ ಮಾತು.)

೯

ಅವಳು ಹೇಳುವ ಮೊದಲೇ ಡಾಕ್ಟರು ಬಂದರು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಹೊಸ ರೇಸಿಂಗ್ ಸೂಟು ತೊಟ್ಟು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು. ಇವತ್ತು ಸೀಟು ಹೊಯ್ಯುತ್ತಾರೆಂದು ಅಕ್ಕನೇ ಅವರಿಗೆ ದಿನ ಕೊಟ್ಟಿದ್ದಳು. ಶನಿವಾರದೊಳಗೆ ತಮ್ಮನಿಗೆ ಹೇಳಿಯೇ ತೀರುತ್ತೇನೆ ಎಂಬ ಧೈರ್ಯದ ಮೇಲೆ. ಶನಿವಾರ ಅವಳು ಅವನ ಮನೆಗೆ ಹೋದದ್ದೂ ನಿಜ. ಮಗಳಿಗೆ ಒಂದು ಫ್ರಾಕು ಕೊಟ್ಟು ವಾಪಸ್ಸು ಬಂದಳು.

ತಮ್ಮ ಆಗ ಕಾರಿನ ಪಕ್ಕ ನಿಂತು ಕನ್ನಡಿ ಒರೆಸುತ್ತಿದ್ದ. ಡಾಕ್ಟರು ಸಂಭ್ರಮದಿಂದ ಅವನ ಕೈ ಕುಲುಕಿ, ನಿಮ್ಮ ಜಾಗಕ್ಕೆ ಬರುವ ಯೋಗ್ಯತೆ ನನಗಿಲ್ಲ, ಆದರೂ ಈ ವರ್ಷ ನೀವು ದೊಡ್ಡ ಮನಸ್ಸು ಮಾಡಿದಿರಂತೆ, ಅಕ್ಕ ಹೇಳಿದರು ಎಂದರು. ಅಕ್ಕ ಅವರಿಗೆ ಹಾಗೆ ಹೇಳಿದ್ದಳು. ಯಾರಿಗಾದರೂ ಹೇಳಲೇಬೇಕಿತ್ತಲ್ಲ.

ತಮ್ಮ ಡಾಕ್ಟರ ಸೂಟು ನೋಡಿದ, ಭಾವನ ಕೈಯಲ್ಲಿದ್ದ ಬಕೆಟ್ಟು ನೋಡಿದ, ಅಕ್ಕನನ್ನು ನೋಡಲಿಲ್ಲ. ಒರೆಸುವ ಬಟ್ಟೆಯನ್ನು ಮಡಚಿ ಶೆಡ್ಡಿನ ಕಿಟಕಿಯ ಮೇಲಿಟ್ಟ. ಆಮೇಲೆ ಕಾರಿನೊಳಗೆ ಒಂದೊಂದೇ ಕಾಲಿಟ್ಟು ಇಳಿದು, ತನ್ನ ಸೊಟ್ಟ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದುಕೊಂಡ. ಕಾರಿಗೆ ಚಕ್ರವಿರಲಿಲ್ಲ, ಇಂಜಿನ್ನು ಆ ಕಡೆ ಬೆಂಚಿನ ಮೇಲಿತ್ತು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡಿದ.

"ಕೂತೆ ಭಾವ" ಎಂದ.

ಬಕೆಟ್ಟು ಹಿಡಿದ ಭಾವ ನೆಲ ನೋಡಿದ. ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವರ ಕಿವಿ ಕೆಂಪಾಯಿತು, ಹೆಲ್ಮೆಟ್ಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಹೊರಗೆ ನಡೆದರು. ಭಾವ ಅವರ ಹಿಂದೆಯೇ ಹೋದ.

ಒಳಗೆ ಅಕ್ಕ, ತಮ್ಮ, ನಾನು.

೧೦

ಅಕ್ಕ ಒಂದು ಟೈರನ್ನು ಉರುಳಿಸಿಕೊಂಡು ಬಂದು ಕಾರಿನ ಪಕ್ಕ ಮಲಗಿಸಿ ಅದರ ಮೇಲೆ ಕೂತಳು. ಈಗ ಇಬ್ಬರ ತಲೆಯೂ ಒಂದೇ ಎತ್ತರದಲ್ಲಿತ್ತು. ದುಡ್ಡಿನ ವಿಷಯ ಶುರು ಮಾಡಿದಳು. ಬಾಡಿಗೆ, ಟೈರು, ಹೆಸರು ಕೊಡುವ ಹಣ, ಎಲ್ಲವನ್ನೂ ಹೇಳಿದಳು. ಎಲ್ಲವೂ ನಿಜವೇ. ತಮ್ಮ ಸ್ಟೀರಿಂಗ್ ಬಿಡಲಿಲ್ಲ. ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ. ಅವಳು ಹೇಳಲು ಬಂದ ಸಲವೆಲ್ಲ ಏನೇನು ಹೇಳಿ ಹೋದಳೆಂದು ಒಪ್ಪಿಸಿದಳು, ಫ್ರಾಕಿನವರೆಗೆ. ಅವನಿಗೆ ಸಿಟ್ಟಿನಲ್ಲೂ ಒಂದಿಷ್ಟು ನಗು ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ತಮ್ಮ ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದ.

"ಒಂದು ಹೇಳು ಅಕ್ಕಾ. ದುಡ್ಡು ಇದ್ದಿದ್ರೆ ಈ ವರ್ಷ ನಾನೇ ಓಡಿಸ್ತಿದ್ನಾ?"

ನಾನು ಗಾಬರಿಯಾಗಿ ಪೆನ್ನು ತೆಗೆದೆ. ಅಕ್ಕನಿಗೆ ಕೊಡಲು ಉತ್ತರಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. "ನೀನಲ್ಲದೆ ಇನ್ಯಾರೋ" ಎನ್ನಬಹುದಿತ್ತು. "ಅದೆಂಥ ಪ್ರಶ್ನೆ" ಎಂದು ಗದರಬಹುದಿತ್ತು. ಏನೂ ಹೇಳದೆ ತಲೆ ಸವರಬಹುದಿತ್ತು. ಅದು ಬಹಳ ಚೆನ್ನಾಗಿ ಬರುತ್ತಿತ್ತು, ಓದುವವರಿಗೂ ಹಿಡಿಸುತ್ತಿತ್ತು. ಮೂರನ್ನೂ ಬರೆದು ಚೀಟಿಯನ್ನು ಅವಳ ಮಡಿಲಿಗೆ ಹಾಕಿದೆ. ಅಕ್ಕ ಅದನ್ನು ಓದಲೂ ಇಲ್ಲ, ಅದರಿಂದ ಕೈಗೆ ಮೆತ್ತಿದ್ದ ಟೈರಿನ ಮಸಿ ಒರೆಸಿಕೊಂಡಳು.

"ಇಲ್ಲ ಕಣೋ" ಎಂದಳು.

ತಮ್ಮ ಬೆಂಚಿನ ಮೇಲಿದ್ದ ಇಂಜಿನ್ನಿನ ಕಡೆ ನೋಡಿದ. ಕೇಳಲೋ ಬೇಡವೋ ಎಂದು ಯೋಚಿಸಿ, ಕೇಳಿದ. "ಇಂಜಿನ್ನು?"

"ಇಂಜಿನ್ ಚೆನ್ನಾಗಿದೆ. ಎರಡು ವರ್ಷದಿಂದ ಚೆನ್ನಾಗೇ ಇದೆ."

ತಮ್ಮನ ಮುಖವನ್ನು ವರ್ಣಿಸಲು ನಾನು ಹಾಳೆಯ ಮೇಲೆ ಬಾಗಿದೆ. ಮೊದಲ ಪದ ಬರೆಯುವಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. ಇಷ್ಟು ಪುಟಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದೇ ಇಲ್ಲ.

"ನೀವು ಹೊರಗೆ ಹೋಗಿ."

ಇದು ನನ್ನ ಕಥೆ, ನಾನೆಲ್ಲಿಗೆ ಹೋಗಲಿ, ಇಲ್ಲೇ ಅಲ್ಲವೇ ಮುಖ್ಯವಾದದ್ದು ಎಂದು ತೊದಲಿದೆ.

"ಕಥೆ ಇಟ್ಕೊಳ್ಳಿ. ಅವನು ನನ್ನ ಮುಂದೆ ಬಿಟ್ರೆ ಯಾರ ಮುಂದೇನೂ ಅಳಲ್ಲ. ಹೋಗಿ."

ಹೋದೆ. ನನ್ನ ಹಿಂದೆಯೇ ಅವಳು ಶಟರ್ ಎಳೆದಳು.

೧೧

ಹೊರಗೆ ಬಿಸಿಲು ಏರುತ್ತಿತ್ತು. ಗಾಜಿನ ಅಂಗಡಿಯ ಮೆಟ್ಟಿಲ ಮೇಲೆ ಡಾಕ್ಟರು ಸೂಟಿನ ಜಿಪ್ಪನ್ನು ಹೊಟ್ಟೆಯವರೆಗೆ ಇಳಿಸಿಕೊಂಡು ಕೂತಿದ್ದರು. ನಾನೇನಾದರೂ ತಪ್ಪು ಮಾಡಿದೆನಾ ಎಂದು ಕೇಳಿದರು. ಇಲ್ಲ ಎಂದೆ. ಕರಾರು ವಾಪಸ್ಸು ಕೊಟ್ಟುಬಿಡಲಾ ಎಂದರು. ಅದನ್ನು ಅಕ್ಕನ ಹತ್ತಿರವೇ ಕೇಳಬೇಕು ಎಂದೆ. ಭಾವ ಬಕೆಟ್ಟನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಶಟರಿಗೆ ಬೆನ್ನು ಕೊಟ್ಟು ನಿಂತಿದ್ದ. ಒಳಗೆ ಏನಾಯಿತೆಂದು ಕೇಳಲಿಲ್ಲ. ಹೇಳಿಬಿಟ್ಟಳಾ ಎಂದು ಮಾತ್ರ ಕೇಳಿದ. ಹೌದು ಎಂದೆ. ಅವನು ಬಕೆಟ್ಟನ್ನು ಕೆಳಗಿಟ್ಟು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ.

ಈಗ ನಿಮಗೆ ತಿಳಿಯಬೇಕಾದದ್ದು ಏನೆಂದು ನನಗೆ ಗೊತ್ತು. ತಮ್ಮ ಬೆಲ್ಟು ಬಿಚ್ಚಿದನೇ, ಅಕ್ಕನ ಜೊತೆ ಮತ್ತೆ ಮಾತಾಡಿದನೇ, ಡಾಕ್ಟರು ಆ ವರ್ಷ ಓಡಿಸಿದರೇ, ಹಳದಿ ಕಾರು ಉಳಿಯಿತೇ. ಒಂದೊಂದಕ್ಕೂ ಎರಡೆರಡು ಉತ್ತರ ನನ್ನ ಜೇಬಿನಲ್ಲಿವೆ. ನಾನು ಬರೆದರೆ ನೀವು ನಂಬುತ್ತೀರಿ, ಅದೂ ಗೊತ್ತು. ಆದರೆ ಎರಡು ವರ್ಷ ಆ ಮನೆಯವರು ಒಬ್ಬರಿಗೊಬ್ಬರು ಅಕ್ಕರೆಯಿಂದ ಹೇಳಿಕೊಂಡ ಸುಳ್ಳು ಅವರಿಗೇ ಸಾಕಾಗಿದೆ. ನನ್ನದೂ ಒಂದನ್ನು ಅದಕ್ಕೆ ಸೇರಿಸಲಾರೆ.

ಶಟರಿನ ಆ ಕಡೆ ಅಕ್ಕ ಅವನ ಜೊತೆ ಇದ್ದಾಳೆ. ಇಷ್ಟು ಮಾತ್ರ ಖಂಡಿತ. ನಾನು ಬಾಗಿಲು ಬಡಿಯಲಿಲ್ಲ. ನೀವೂ ಬಡಿಯಬೇಡಿ.